ಹೊಸ ಮೋಟಾರ್‌ಸೈಕಲ್ಲಿಗೆ ಹರಳೆಣ್ಣೆ

ಅಣ್ಣಯ್ಯನ ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಿದ್ದದ್ದನ್ನು ನಾನು ಕಂಡೇ ಇಲ್ಲ. ತುಮಕೂರಿನ ಸುತ್ತಮುತ್ತ ತೋಟದ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದವನು. ಎಂಜಿನ್ ಆಯಿಲ್ಲಿನ ಒಂದು ತೊಟ್ಟನ್ನು ಆ ಉಗುರಿನ ಮೇಲೆ ಬಿಟ್ಟುಕೊಂಡು, ಬಿಸಿಲಿಗೆ ಹಿಡಿದು, ಆಮೇಲೆ ಮೂಸಿ ನೋಡುತ್ತಿದ್ದ. ಎಂಜಿನ್ನಿನ ಕಾಯಿಲೆ ಅವನಿಗೆ ಅಷ್ಟರಲ್ಲೇ ತಿಳಿದುಬಿಡುತ್ತಿತ್ತು.

ಸೈಕಲ್ ತುಳಿದು ಸಾಕಾಗಿ, ಅರವತ್ತರ ದಶಕದ ಒಂದು ದಿನ ಹೊಸ ಮೋಟಾರ್‌ಸೈಕಲ್ ತಂದ. ಅಬ್ಬಾ, ಆ ದಿನ! ಬೀದಿಯ ಮಕ್ಕಳೆಲ್ಲ ಟ್ಯಾಂಕಿನಲ್ಲಿ ಮುಖ ನೋಡಿಕೊಂಡವು. ಅವ್ವ ಹ್ಯಾಂಡಲಿಗೆ ಹೂ ಮುಡಿಸಿದಳು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ನನ್ನನ್ನು ಕರೆದು, ಎಂಜಿನ್ನಿನಿಂದ ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದ. "ಈ ಗೆರೆವರ್ಗೂ ಆಯಿಲ್ ಇದ್ಯಾ ಅಂತ ದಿನಾ ಬೆಳಿಗ್ಗೆ ನೋಡಿ ಹೇಳೋದು ನಿನ್ ಕೆಲ್ಸ ಕಣೇ" ಎಂದ. ನನಗೆ ಅಮಲ್ದಾರಿಕೆಯೇ ಸಿಕ್ಕಷ್ಟು ಜಂಬ!

ಹೊಸ ಎಂಜಿನ್ ಪಳಗುವವರೆಗೆ ಜೋರಾಗಿ ಓಡಿಸುವಂತಿರಲಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಂಡು ಗುಬ್ಬಿಗೆ ಹೊರಟರೆ ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು.

"ಏನ್ ಸ್ವಾಮಿ, ಪೆಟ್ರೋಲ್ಗೆ ನೀರ್ ಬೆರ್ಸಿದೀರಾ?" ಎಂದು ಒಬ್ಬ ಕೂಗಿದ.

"ಹೊಸಾ ಸೊಸೆ ಸ್ವಾಮಿ, ನಿಧಾನಕ್ಕೆ ನಡೀತಾಳೆ!" ಎಂದ ಅಣ್ಣಯ್ಯ. ನಾನು ನಕ್ಕು ನಕ್ಕು ಬೀಳುವಂತಾಗಿ ಅವನ ಶರ್ಟು ಹಿಡಿದುಕೊಂಡೆ.

ಅಪ್ಪನಿಗೆ ಮಾತ್ರ ಆ ಗಾಡಿ ಹಿಡಿಸಲಿಲ್ಲ. ಗುಬ್ಬಿ ಸಂತೆಯಿಂದ ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದವನು ಅಪ್ಪ. ವಾರದೊಳಗೇ ಕಡ್ಡಿಯಲ್ಲಿ ಆಯಿಲ್ ಗೆರೆಯಿಂದ ಕೆಳಗಿಳಿದಿದೆ ಎಂದು ನಾನು ಹೇಳಿದ್ದು ಅಪ್ಪನ ಕಿವಿಗೆ ಬಿತ್ತು.

"ಏನ್ಲಾ ಇದು? ಹೊಸದ್ರಲ್ಲೇ ಹಿಂಗ್ ಕುಡುದ್ರೆ ನಾಳೆ ನನ್ ಎತ್ಗಳ್ನೂ ನುಂಗ್ಬುಡ್ತದೆ. ಇನ್ನೊಂದ್ಸಲ ಕಮ್ಮಿಯಾಗ್ಲಿ, ಅಂಗ್ಡಿಗೇ ವಾಪಸ್ ತಳ್ಕೊಂಡೋಗು!"

"ಹೊಸ್ದು ಸ್ವಲ್ಪ ಕುಡೀತದೆ ಅಪ್ಪ, ಆಮೇಲೆ ತಾನೇ ನಿಲ್ಸುತ್ತೆ" ಎಂದು ಅಣ್ಣಯ್ಯ ನಕ್ಕ. ನಾನು ನಂಬಲಿಲ್ಲ.

ಮತ್ತೆ ಆಯಿಲ್ ಇಳಿದ ಬೆಳಿಗ್ಗೆ ಕಡ್ಡಿಯನ್ನು ಬೇಗನೆ ಒಳಗೆ ತುರುಕಿದೆ. ಗಾಡಿ ಹೋಗಿಬಿಟ್ಟರೆ? ಅಪ್ಪ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಹರಳೆಣ್ಣೆ ಮೂಲೆಯಲ್ಲಿತ್ತು. ಅಷ್ಟು ಭಾರದ ಚಕ್ರವೇ ಅದರಲ್ಲಿ ಸರಾಗವಾಗಿ ಉರುಳುತ್ತದಲ್ಲ ಎಂದುಕೊಂಡು ಗೆರೆ ಮುಟ್ಟುವವರೆಗೂ ಸುರಿದೆ. "ಸರಿಯಾಗಿದೆ ಅಣ್ಣಯ್ಯ" ಎಂದೆ. ಮುಂದೆಯೂ ಕಮ್ಮಿಯಾದಾಗಲೆಲ್ಲ ಹಾಗೇ ಮಾಡಿದೆ.

ಕುಣಿಗಲ್ ದಾಟಿ ಹುತ್ರಿದುರ್ಗದ ಕಡೆಗೆ ಹೋದ ದಿನ ಎಂಜಿನ್ ಕಚ್ಚಿಕೊಂಡು ನಿಂತಿತು. ಸಂಜೆ ಗಾಡಿ ಲಾರಿಯ ಮೇಲೆ ಮನೆಗೆ ಬಂತು. ಅಪ್ಪನ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು. ಅಣ್ಣಯ್ಯ ಕಡ್ಡಿ ಎಳೆದು, ಉಗುರಿಗೆ ಒಂದು ತೊಟ್ಟು ಬಿಟ್ಟುಕೊಂಡು ಮೂಸಿದ. ಬಾಗಿಲ ಹಿಂದಿದ್ದ ನನ್ನನ್ನು ಒಂದು ಗಳಿಗೆ ನೋಡಿದ.

"ನಾನೇ ಜೋರಾಗ್ ಓಡಿಸ್ಬುಟ್ಟೆ ಅಪ್ಪ" ಎಂದ.

ನಾನು ಹಿತ್ತಿಲಿಗೆ ಓಡಿದೆ.

ರಿಪೇರಿಯಾಗಿ ಬಂದ ಮೇಲೆ ಕಡ್ಡಿಯನ್ನು ಮತ್ತೆ ನನ್ನ ಕೈಗೇ ಕೊಟ್ಟ. "ಮೊದ್ಲಿಂದ ಶುರು ಕಣೇ. ಕಮ್ಮಿ ಇದ್ರೆ ಕಮ್ಮಿ ಅನ್ನು." ಈ ಸಲ ಹಾಗೇ ಹೇಳಿದೆ. ಅವನಂದಂತೆಯೇ ಕೆಲವು ವಾರಕ್ಕೆ ಎಂಜಿನ್ ಪಳಗಿತು, ಆಯಿಲ್ ಇಳಿಯುವುದು ನಿಂತಿತು. ಆಮೇಲೆ ನೋಡಬೇಕಿತ್ತು ನಮ್ಮ ಓಟ! ಗುಬ್ಬಿ ಬಸ್ಸನ್ನೇ ಹಿಂದೆ ಹಾಕಿದೆವು.

ನನ್ನ ಚೊಚ್ಚಲ ಬಾಣಂತನದಲ್ಲಿ ಅವ್ವ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಅಣ್ಣಯ್ಯ ಬಾಗಿಲಲ್ಲಿ ನಿಂತು ಮೂಗರಳಿಸಿದ. "ಹುತ್ರಿದುರ್ಗದ್ ರಸ್ತೇಲಿ ನನ್ ಗಾಡಿನೂ ಹಿಂಗೇ ಬಾಣಂತಿ ಥರ ನಾರ್ತಿತ್ತು ಕಣೇ!" ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಅಪ್ಪ ಹಜಾರದಲ್ಲೇ ಇದ್ದ. ಆಗಲಾದರೂ ಹೇಳಬಹುದಿತ್ತು. ಮಗುವಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕೆ, ಅಷ್ಟೆ. ಮಗ ದುಡುಕ ಎಂದೇ ನಂಬಿದ್ದ ಅಪ್ಪ, ಸಾಯುವವರೆಗೂ ಅವನ ಹಿಂದೆ ಆ ಗಾಡಿ ಹತ್ತಲಿಲ್ಲ.

ಹೋದ ವರ್ಷ ಅಣ್ಣಯ್ಯನೂ ಹೋದ. ಮೀಯಿಸುವಾಗ ಯಾರೋ ಆ ಹೆಬ್ಬೆರಳಿಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು.

"ಬುಡಿ, ಅದು ಹಂಗೇ ಇರ್ಲಿ" ಎಂದೆ.