ದಿನಾ ಚಾಲೂ ಮಾಡಿಟ್ಟ ಗಾಡಿ

ಕಾರಿನ ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಭಾಗ ಚಾರ್ಜ್ ಇತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

ರಿಮೋಟ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ದೀಪವೂ ಮಿನುಗಲಿಲ್ಲ. ಕೆಲಸದ ಮೇಲೆ ಕೆಲವು ವಾರ ಹೊರಗಿದ್ದು ಆಗಷ್ಟೇ ಮರಳಿದ್ದೆ. ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ನನ್ನ ಎಲೆಕ್ಟ್ರಿಕ್ ಕಾರು ಬಂಡೆಯ ಹಾಗೆ ನಿಂತಿತ್ತು. ಚಾರ್ಜರ್ ಗನ್ ಚುಚ್ಚಿದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾಚ್‌ಮನ್ ಬಂದು ನೋಡಿದ. "ತೋಸೇದ್ದಾಮಾ ಮೇಡಂ?" ಎಂದ ತೆಲುಗಿನಲ್ಲಿ. ತಳ್ಳಿ ಸ್ಟಾರ್ಟ್ ಮಾಡೋಣವೇ ಅಂತ. (ತಳ್ಳಿದರೆ ಏಳುವ ಗಾಡಿಗಳ ಕಾಲ ಮುಗಿಯಿತಪ್ಪಾ ಎಂದು ಅವನ ಉತ್ಸಾಹ ಕುಗ್ಗಿಸಲು ಮನಸ್ಸಾಗಲಿಲ್ಲ.)

ಅಷ್ಟರಲ್ಲಿ ಎರಡನೇ ಮಹಡಿಯ ಶಂಕ್ರಪ್ಪ ಕಾಕಾ ಇಳಿದು ಬಂದರು. ಬಸವಕಲ್ಯಾಣದವರು, ಎಪ್ಪತ್ತು ದಾಟಿದವರು, ಇದೇ ರಸ್ತೆಯಲ್ಲಿ ಬಹುಕಾಲ ಬಟ್ಟೆ ಅಂಗಡಿ ನಡೆಸಿದವರು. ಕಣ್ಣು, ಕಾಲು ಎರಡೂ ಗಟ್ಟಿ. ಆದರೂ ಕಳೆದ ವರ್ಷ ಮಗಳು ವೈಶಾಲಿ ಹಟ ಹಿಡಿದು ಅವರ ಪೆಟ್ರೋಲ್ ಕಾರು ಮಾರಿಸಿದ್ದಳು. ಈ ಸಲ ನಾನು ಊರು ಬಿಟ್ಟು ಹೊರಡುವಾಗ ನನ್ನ ಕಾರಿನ ಇನ್ನೊಂದು ಕೀ ಅವರ ಕೈಗಿಟ್ಟು "ಸ್ವಲ್ಪ ನೋಡ್ಕೊಳ್ರಿ ಕಾಕಾ" ಎಂದಿದ್ದೆ. ಅವತ್ತು ಅವರ ಮುಖ ನೋಡಬೇಕಿತ್ತು!

ಇವತ್ತು ಆ ಮುಖ ಇಳಿದುಹೋಯಿತು.

"ಹ್ಯಾಂಗ ಸಾಧ್ಯವಾ? ದಿನಾ ಮುಂಜಾನೆ ಚಾಲೂ ಮಾಡಿಟ್ಟೀನಿ. ಒಂದು ದಿನಾ ತಪ್ಪಿಸಿಲ್ಲ."

ಹಿಂದೆಯೇ ಬಂದ ವೈಶಾಲಿ ಬಿಡಲಿಲ್ಲ. "ಚಾಲೂ ಮಾಡಿ ಸುಮ್ನ ಬರ್ತಿದ್ದೇನು? ಅರ್ಧಾ ತಾಸು ಒಳಗ ಕುಂತು ಹಾಡು ಕೇಳ್ತಿದ್ದಿ. ಮ್ಯಾಲ ಫ್ಯಾನ್ ಬ್ಯಾರೆ!" ನನ್ನ ಕಡೆ ತಿರುಗಿದಳು. "ಅಪ್ಪಗ ಇಂಥಾ ಗಾಡಿ ತಿಳಿಯಂಗಿಲ್ರಿ ಅಕ್ಕಾ. ಟೋ ಮಾಡಿಸಿಬಿಡ್ರಿ. ಅಪ್ಪಾ, ಕೀ ವಾಪಸ್ ಕೊಡು. ಇನ್ನ ಯಾರ ಗಾಡಿಗೂ ಕೈ ಹಚ್ಚಬ್ಯಾಡ."

ಕಾಕಾ ಮುಷ್ಟಿ ಬಿಗಿ ಮಾಡಿದರು. "ಕೊಡ್ತೀನಿ. ಮೊದಲ ಏನಾತು ಅಂತ ಗೊತ್ತಾಗ್ಲಿ. ಕಾರಣ ತಿಳೀಲಾರದ ಕೊಡಂಗಿಲ್ಲ."

ಈ ಮಾತು ನನಗೆ ಹಿಡಿಸಿತು. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮೊದಲ ಪ್ರಶ್ನೆ 'ಹೇಗಾಯಿತು'. 'ಯಾರು' ಎಂಬುದು ಆಮೇಲೆ. (ಎಲ್ಲ ಸಂಪಾದಕರೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ.) ಟೋ ಗಾಡಿ ಬೇಡ ಎಂದು ತೀರ್ಮಾನಿಸಿದೆ.

ವಿಷಯ ಇಷ್ಟು. ಎಲೆಕ್ಟ್ರಿಕ್ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಯೂ ಒಂದಿರುತ್ತದೆ. ಬಾಗಿಲ ಲಾಕು, ದೀಪ, ಪರದೆ ಎಲ್ಲ ಅದರ ಜವಾಬ್ದಾರಿ. ದೊಡ್ಡದನ್ನು ಎಬ್ಬಿಸುವ ಸ್ವಿಚ್ಚೂ ಅದರದ್ದೇ. ಸಣ್ಣದು ಮಲಗಿದರೆ ದೊಡ್ಡದು ತುಂಬಿದ್ದೂ ಉಪಯೋಗವಿಲ್ಲ.

ರಿಮೋಟಿನೊಳಗೆ ಅಡಗಿದ್ದ ಲೋಹದ ಕೀ ಎಳೆದು ಬಾಗಿಲು ತೆರೆದೆ. ಬಾನೆಟ್ ಎತ್ತಿದೆವು. ಮ್ಯಾನ್ಯುಯಲ್ ಜೋರಾಗಿ ಓದಿದೆ: ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟಬಾರದು.

"ಅವಕ್ಕ ದೂರಿಂದನ ಶರಣು" ಎಂದರು ಕಾಕಾ.

ಮೂಲೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ವೋಲ್ಟ್ ಅಳೆಯುವ ಮೀಟರ್ ತಂದು ಹಚ್ಚಿದೆವು. ಹನ್ನೆರಡೂವರೆ ತೋರಿಸಬೇಕಾದ ಕಡೆ ಹತ್ತು ಚಿಲ್ಲರೆ. ಕಾಕಾ ಕಾರು ಮಾರಿದ್ದರೂ ಬ್ಯಾಟರಿ ಚಾರ್ಜರ್ ಮಾರಿರಲಿಲ್ಲ. ನಮ್ಮ ಮ್ಯಾನ್ಯುಯಲ್ ಒಪ್ಪುವ ಬಗೆಯದೇ. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಕ್ಲಿಪ್ ಮ್ಯಾನ್ಯುಯಲ್ ತೋರಿಸಿದ ಲೋಹದ ಜಾಗಕ್ಕೆ. ಆಮೇಲೆ ಕಾಯುವುದು. ವೈಶಾಲಿ ಊಟಕ್ಕೆ ಕರೆದಳು, ಮತ್ತೆ ಕರೆದಳು, ಬೈದಳು. ಕಾಕಾ ಸ್ಟೂಲ್ ಬಿಟ್ಟು ಏಳಲಿಲ್ಲ. ಕೊನೆಗೆ ತಾಟೇ ಸೆಲ್ಲಾರಿಗೆ ಇಳಿದು ಬಂತು.

ಸಂಜೆಗೆ ಚಾರ್ಜರಿನ ದೀಪ ಹಸಿರಾಯಿತು. ಕ್ಲಿಪ್ ತೆಗೆದ ಕೂಡಲೇ ಅಳೆದರೆ ಬ್ಯಾಟರಿ ಸುಳ್ಳು ಹೇಳುತ್ತದೆ. ಅದನ್ನು ಸುಮ್ಮನೆ ಬಿಟ್ಟು ಮರುದಿನ ಮುಂಜಾನೆ ಅಳೆದೆವು. ಹನ್ನೆರಡೂವರೆ! ಚಾರ್ಜ್ ನಿಂತಿದೆ. ಬ್ಯಾಟರಿ ಕೆಟ್ಟಿಲ್ಲ.

ಹಾಗಾದರೆ ಇಳಿದದ್ದು ಹೇಗೆ?

"ಕಾಕಾ, ದಿನಾ ಹ್ಯಾಂಗ ಚಾಲೂ ಮಾಡ್ತಿದ್ರಿ, ಹಂಗ ಮಾಡಿ ತೋರಸ್ರಿ" ಎಂದೆ. ಮೀಟರ್ ಹಿಡಿಯುವ ಕೆಲಸ ವೈಶಾಲಿಗೆ ಕೊಟ್ಟೆ.

ಕಾಕಾ ಕೂತರು. ಬಟನ್ ಒತ್ತಿದರು. ಪರದೆ ಬೆಳಗಿತು, ಹಾಡು ಬಂತು, ಫ್ಯಾನ್ ತಿರುಗಿತು. "ನೋಡವಾ, ಚಾಲೂ!"

ನಾನು ಅವರ ಕಾಲು ನೋಡಿದೆ. ಬ್ರೇಕಿನ ಮೇಲಿರಲಿಲ್ಲ. ಎದುರಿನ ಪರದೆಯಲ್ಲಿ 'ರೆಡಿ' ಎಂಬ ದೀಪವೂ ಇರಲಿಲ್ಲ.

"ಇಳಿಯಾಕತ್ತೈತ್ರಿ ಅಕ್ಕಾ" ಎಂದಳು ವೈಶಾಲಿ.

"ಕಾಕಾ, ಗೇರ್ ಪಾರ್ಕಿನಾಗ ಇರ್ಲಿ. ಬ್ರೇಕ್ ತುಳಿದು ಬಟನ್ ಒತ್ರಿ."

'ರೆಡಿ' ಬಂತು. ಬಾನೆಟ್ ಹಿಂದಿನಿಂದ ಕೂಗು ಕೇಳಿತು. "ಹದಿನಾಲ್ಕರ ಹತ್ರ ಹೋತು!" ದೊಡ್ಡದು ಎದ್ದು ಸಣ್ಣದಕ್ಕೆ ಉಣಿಸತೊಡಗಿತ್ತು.

ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಸದ್ದೇ ಸಾಕ್ಷಿ. ಈ ಕಾರು ಎದ್ದಾಗಲೂ ಮೌನ, ಅರೆಎಚ್ಚರದಲ್ಲಿದ್ದಾಗಲೂ ಮೌನ. ಹಾಡು, ಫ್ಯಾನ್ ಎಲ್ಲ ಸಣ್ಣ ಬ್ಯಾಟರಿಯನ್ನೇ ಹೀರುತ್ತಿದ್ದವು. ಕಾಕಾ ಒಂದು ದಿನವೂ ತಪ್ಪಿಸಲಿಲ್ಲವಲ್ಲ, ಅದಕ್ಕೇ ಬ್ಯಾಟರಿ ಮಲಗಿತು. ಸೋಮಾರಿಯ ಕೈಗೆ ಕೀ ಕೊಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು!

ಕಾಕಾ ಇಳಿದರು. ಆಡಿದ ಮಾತಿನಂತೆ ಕೀ ಚಾಚಿದರು. "ಕಾರಣ ಸಿಕ್ತು. ನನ್ನ ಕಡಿಂದನ ಆಗೇತಿ. ತೊಗೋವಾ."

ನಾನು ಕೈ ಚಾಚಲಿಲ್ಲ. ಮುಂದಿನ ತಿಂಗಳು ಮತ್ತೆ ಊರಲ್ಲಿರುವುದಿಲ್ಲ, ಆಗ ಬೇಕಲ್ಲ, ಇಟ್ಟುಕೊಳ್ಳಿ ಎಂದೆ.

"ಮತ್ತ ಅಪ್ಪಗ ಕೊಡ್ತೀರೇನ್ರಿ?" ವೈಶಾಲಿಗೆ ಆಶ್ಚರ್ಯ.

"ನಿನಗ ಕೊಟ್ರ ನೀ ಮೊದಲಿಂದ ಕಲೀಬೇಕು. ಕಾಕಾರು ಕಲ್ತು ಮುಗಿಸ್ಯಾರ."

ಕಾಕಾ ಕೀಯನ್ನು ಅಂಗಿಯ ಒಳಜೇಬಿಗೆ ಸೇರಿಸಿದರು.

ಇಪ್ಪತ್ತರ ಹುಡುಗ ಕಾರನ್ನು ಗೋಡೆಗೆ ಗುದ್ದಿದರೂ 'ಕಲೀತಾನೆ ಬಿಡಿ' ಎನ್ನುವ ನಮಗೆ, ಎಪ್ಪತ್ತು ದಾಟಿದವರ ಬಗ್ಗೆ ಅದೇ ಮಾತು ಹೇಳಲು ಏನು ಅಡ್ಡಿ?