ಮಗನಿಗಿಟ್ಟ ಮೊಟ್ಟೆ

ಅಬಾಲೊಳ ಬಾಯಿ ಜೋರು, ಕೈ ಧಾರಾಳ. ಕಿಟ್ಗುಮ್ ಕಡೆಯ ಆ ಊರಿನಲ್ಲಿ, ಕಾಡಿನ ಬಂಡುಕೋರರ ದಂಡಿನಿಂದ ತಪ್ಪಿಸಿಕೊಂಡು ಬಂದ ಮಕ್ಕಳಿಗೆಲ್ಲ ಮೊಟ್ಟೆ ಹೋಗುತ್ತಿದ್ದದ್ದು ಅವಳ ಕೋಳಿಗೂಡಿನಿಂದಲೇ. ಎಳೆವಯಸ್ಸಿಗೇ ಬಂದೂಕು ಹೊತ್ತ ಮಗು ವಾಪಸು ಬಂದರೆ ಸುಮ್ಮನೆ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಅಂಗಳದಂಚಿಗೆ ಹಸಿಮೊಟ್ಟೆ ಇಡಬೇಕು, ಬರಿಗಾಲಲ್ಲಿ ಅದನ್ನು ತುಳಿದು ಒಡೆದು ಒಳಗೆ ಬರಬೇಕು. ಮೊಟ್ಟೆಗೆ ಬಾಯಿಲ್ಲ, ಅದು ಯಾರ ಮೇಲೂ ಚಾಡಿ ಹೇಳಿಲ್ಲ, ಯಾರಿಗೂ ಕೇಡು ಬಗೆದಿಲ್ಲ. ಕಾಡಿನ ಕೊಳೆ ಅದರಲ್ಲೇ ಕಳೆದುಹೋಗಲಿ ಅಂತ.

ಆದರೆ ಕೆಂಪು ಕೋಳಿಯ ಮೊಟ್ಟೆ ಮಾತ್ರ ಯಾರಿಗೂ ಇಲ್ಲ. ರಾಗಿ ತುಂಬಿದ ಕುಡಿಕೆಯಲ್ಲಿ ಅದನ್ನು ಹುಗಿದಿಡುತ್ತಿದ್ದಳು, ಹಳತಾದರೆ ತೆಗೆದು ಹೊಸದಿಡುತ್ತಿದ್ದಳು. ಅದು ಅವಳ ಮಗ ಓಕ್ವೀರನದು. ಮೇಕೆ ಹೊಡೆದುಕೊಂಡು ಹೋದವನನ್ನು ದಂಡಿನವರು ಹಿಡಿದೊಯ್ದು ವರ್ಷಗಳೇ ಆಗಿದ್ದವು. ಇವತ್ತಲ್ಲ ನಾಳೆ ಬಂದಾನು. ಬಂದಾಗ ಮೊಟ್ಟೆ ಇಲ್ಲದಿದ್ದರೆ ಹೇಗೆ?

ಆ ವರ್ಷ ರೋಗ ಬಡಿದು ಊರಿನ ಕೋಳಿಗಳೆಲ್ಲ ಸತ್ತವು. ಕೆಂಪಿಯೊಂದೇ ಉಳಿಯಿತು, ಅದೂ ಮೊಟ್ಟೆಯಿಡುವುದನ್ನು ಬಿಟ್ಟಿತ್ತು. ಅಂಥ ಹೊತ್ತಿನಲ್ಲೇ ನೆರೆಮನೆಯ ಓಲ್ಯಾ ಬಂದು ತಲೆ ಕೆರೆದುಕೊಂಡು ನಿಂತ.

"ಅತ್ತಿಗೇ, ಒಂದು ಮೊಟ್ಟೆ..."

"ಯಾವ ಮೊಟ್ಟೆ ಅಂತ ಗೊತ್ತಿದ್ದೂ ಕೇಳ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ ಅತ್ತಿಗೆ. ಆದ್ರೆ ನನ್ನ ತಮ್ಮನ ಮಗಳು ಲಾಕೊತ್ ಕಾಡಿಂದ ಬಂದವಳೆ. ಪಟ್ಟಣದ ಆರೈಕೆ ಕೇಂದ್ರದೋರು ಬಿಟ್ಟು ಹೋದ್ರು. ಅಪ್ಪ ಅವ್ವ ಇಲ್ಲದ ಹುಡುಗಿ, ಅಂಗಳದಾಚೆ ನಿಂತವಳೆ."

ಅಬಾಲೊ ಕುಡಿಕೆಯ ಮುಂದೆ ಹೋಗಿ ಕೂತಳು. ಕೊಟ್ಟರೆ ಮಗನ ಆಸೆಯನ್ನೇ ಕೈಬಿಟ್ಟ ಹಾಗೆ. ಕೊಡದಿದ್ದರೆ ಆ ಹುಡುಗಿ ಹೊರಗೇ. ಓಲ್ಯಾನನ್ನೂ ಅವನ ವಂಶವನ್ನೂ ಬೈಯುತ್ತಲೇ ರಾಗಿಯಲ್ಲಿ ಕೈಯಾಡಿಸಿ ಮೊಟ್ಟೆ ತೆಗೆದಳು. ಅವನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಹೊರಟಳು.

ಲಾಕೊತ್ ಕಡ್ಡಿಯಂತಾಗಿದ್ದಳು. ಓಲ್ಯಾನ ಅಂಗಳದಂಚಿಗೆ ಅಬಾಲೊ ಇಟ್ಟ ಮೊಟ್ಟೆಯ ಮುಂದೆ ಬಂದು ಕಾಲೆತ್ತಿದವಳು ಹಾಗೇ ಹಿಂದಕ್ಕೆ ಸರಿದುಬಿಟ್ಟಳು. ಇನ್ನೊಮ್ಮೆ ಎತ್ತಿದಳು, ಮತ್ತೆ ಸರಿದಳು. ನೆರೆದ ಹೆಂಗಸರಲ್ಲಿ ಗುಸುಗುಸು ಎದ್ದಿತು.

"ನೋಡ್ದ್ಯಾ? ಕಾಡು ಇನ್ನೂ ಬಿಟ್ಟಿಲ್ಲ ಅವಳನ್ನ."

ಅಬಾಲೊ ಅವರತ್ತ ಕಣ್ಣು ಬಿಟ್ಟು ನೋಡಿ, ಹುಡುಗಿಯ ಹತ್ತಿರ ಹೋದಳು. "ಯಾಕೆ ಮಗಳೇ?"

"ದಾರೀಲಿ ಏನೇ ಬಿದ್ದಿದ್ರೂ ತುಳೀಬಾರ್ದು ಅಂತ ಕಾಡಲ್ಲಿ ಕಲಿಸಿದ್ರು ಅವ್ವಾ," ಎಂದಳು ಲಾಕೊತ್ ತಲೆಯೆತ್ತದೆ. "ಕೆಳಗೆ ಬಾಂಬಿದ್ದು, ತುಳಿದೋರು ಸಿಡಿದು ಹೋದ್ರು. ನಾನು ನೋಡಿದೀನಿ. ಕಾಲು ಮಾತು ಕೇಳ್ತಿಲ್ಲ."

ಅಬಾಲೊ ಚಪ್ಪಲಿ ಬಿಟ್ಟಳು. ಮರದಡಿ ಕೂತಿದ್ದ ಹಿರಿಯರೊಬ್ಬರು ಗದರಿದರು.

"ಏ ಅಬಾಲೊ! ಊರು ಬಿಟ್ಟು ಹೋದೋರು ತುಳಿಯೋದು ಅದು. ನೀನೆಲ್ಲಿಗೆ ಹೋಗಿದ್ದೆ?"

"ನನ್ನ ಮಗ ಹೋದ ದಿನಾನೇ ನಾನೂ ಹೋದೆ ಮಾವಾ. ಮನೇಲಿದ್ದೆ ಅಂತ ನಿಮಗ್ಯಾರು ಹೇಳಿದ್ದು?"

ಅಬಾಲೊ ಹುಡುಗಿಯ ಕೈ ಹಿಡಿದಳು. "ನನ್ನ ಕಾಲು ಕೆಳಗೆ, ನಿನ್ನದು ಮೇಲೆ. ಸಿಡಿದ್ರೆ ಮುದುಕಿ ಹೋಗ್ತೀನಿ ಬಿಡು, ಊರಿಗೆ ಬೈಗುಳ ಕಮ್ಮಿ ಆಗುತ್ತೆ."

ಲಾಕೊತ್‌ಗೆ ನಗು ಬಂತು, ಅಳುವೂ ಬಂತು. ಅವಳ ಕಾಲು ಅಬಾಲೊಳ ಕಾಲಿನ ಮೇಲೆ ಊರಿತು. ಮೊಟ್ಟೆ ಒಡೆದು ಬೆರಳ ಸಂದಿಯಲ್ಲಿ ತಣ್ಣಗೆ ಹರಿಯಿತು. ಇಬ್ಬರೂ ಒಟ್ಟಿಗೆ ಅಂಗಳ ಹೊಕ್ಕರು. ಆ ಮಧ್ಯಾಹ್ನ ಓಲ್ಯಾನ ಮನೆಯಲ್ಲಿ ರಾಗಿಮುದ್ದೆ, ಎಳ್ಳಿನ ಗೊಜ್ಜು. ಎಲ್ಲರ ಕೈಯೂ ಒಂದೇ ತಟ್ಟೆಯಲ್ಲಿ, ಲಾಕೊತ್‌ಳ ಕೈಯೂ.

ಮಾರನೆಯ ಬೆಳಿಗ್ಗೆ ಕೆಂಪಿ ಊರಿಗೆಲ್ಲ ಕೇಳುವಂತೆ ಕೂಗಿಕೊಂಡಿತು. ಅಬಾಲೊ ಒಲೆಯ ಮುಂದಿನಿಂದ ಏಳುವಷ್ಟರಲ್ಲಿ ಲಾಕೊತ್ ಬೇಲಿ ದಾಟಿ ಬಂದಿದ್ದಳು, ಬೊಗಸೆಯಲ್ಲಿ ಕೆಂಪಿಯ ಬಿಸಿ ಮೊಟ್ಟೆ.

"ಇದನ್ನೇನು ಮಾಡ್ಲಿ ಅವ್ವಾ?"

"ಅದು ನಿಮ್ಮಣ್ಣಂದು ಕಣೇ," ಎಂದಳು ಅಬಾಲೊ. "ಕುಡಿಕೇಲಿಡು. ಮೇಲೆ ರಾಗಿ ಮುಚ್ಚು."