ಎಸೆಕಿಯಾ ಕೂತಿದ್ದ ಹತ್ತು ನಿಮಿಷ

ನಮ್ಮೂರ ಚರ್ಚಿನ ಡೀಕನ್ ಎಸೆಕಿಯಾರನ್ನು ಮಣ್ಣು ಮಾಡಿದ ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೊಗಳದೆ ಇರುವುದಾದರೂ ಹೇಗೆ? ನಡೆಯಲಾರದ ಮುದುಕಿ ಲೋಸಾಳನ್ನು ಹನ್ನೊಂದು ವರ್ಷ, ಪ್ರತಿ ಭಾನುವಾರ, ಬೆನ್ನ ಮೇಲೆ ಹೊತ್ತು ಚರ್ಚಿಗೆ ತಂದವರು. ಶನಿವಾರ ಬಂದರೆ ಊರಿನ ಮುದುಕರಿಗೆಲ್ಲ ಕ್ಷೌರ ಮಾಡಿದವರು. ಐದು ಮಕ್ಕಳ ತಲೆ ತಾವೇ ಬಾಚಿ ಶಾಲೆಗೆ ಕಳಿಸಿದವರು. ಊರ ಪರವಾಗಿ ಮಾತಾಡುವ ಸರದಿ ನನ್ನದು. ಚೆನ್ನಾಗಿಯೇ ಮಾತಾಡಿದೆ, ನನ್ನ ನಾಲಿಗೆಗೆ ನಾಚಿಕೆಯಿಲ್ಲ. ಹೇಳಲೇಬೇಕಾಗಿದ್ದ ಒಂದನ್ನು ಮಾತ್ರ ನುಂಗಿಕೊಂಡೆ.

ಅದು ನಲವತ್ತೊಂದು ವರ್ಷದ ಹಿಂದಿನದು. ಸಮೋವಾದ ಊರುಗಳಲ್ಲಿ ಸಂಜೆ ಶಂಖ ಊದಿದರೆ ಮನೆಮನೆಯಲ್ಲೂ ಪ್ರಾರ್ಥನೆ. ಮತ್ತೆ ಊದುವವರೆಗೆ ರಸ್ತೆಯಲ್ಲಿ ಯಾರೂ ಓಡಾಡುವಂತಿಲ್ಲ, ಸಿಕ್ಕಿಬಿದ್ದವರು ಇದ್ದಲ್ಲೇ ಕೂರಬೇಕು. ತಡೆಯಲು ಯುವಕರು ಕಾವಲು ನಿಲ್ಲುತ್ತಾರೆ. ಒಮ್ಮೆ ಆ ಹೊತ್ತಿನಲ್ಲಿ ನಾನು ಕೊಳದಲ್ಲಿ ಈಜುತ್ತಿದ್ದುದನ್ನು ಎಸೆಕಿಯಾ ಹಿರಿಯರಿಗೆ ಹೇಳಿಬಿಟ್ಟರು. ದಂಡವಾಗಿ ನಮ್ಮಪ್ಪ ಗಬ್ಬದ ಹಂದಿ ಕೊಡಬೇಕಾಯಿತು. ಹಂದಿ ಹೋದ ಸಿಟ್ಟನ್ನು ನನ್ನ ಬೆನ್ನ ಮೇಲೆ ತೀರಿಸಿಕೊಂಡ. ಬುದ್ಧಿ ಬರಲಿ ಎಂದು ಹಿರಿಯರು ನನ್ನನ್ನೇ ಕಾವಲಿಗೆ ಹಾಕಿದರು.

ಮೂರನೆಯ ವಾರ, ಊರಂಚಿನ ದೀವಿಹಲಸಿನ ಮರದ ಬಳಿ ನಾನೊಬ್ಬನೇ ನಿಂತಿದ್ದೆ. ಶಂಖ ಊದಿ ಆಗಿತ್ತು. ಎಸೆಕಿಯಾ ಓಡಿಬಂದರು.

“ರೂತಾಗೆ ಉಸಿರು ಸಿಗ್ತಿಲ್ಲ ಕಣೋ ಸೆಟೆಫಾನೋ. ನರ್ಸಮ್ಮನ್ನ ಕರ್ಕೊಂಡು ಬರ್ತೀನಿ, ದಾರಿ ಬಿಡು.”

ರೂತಾ ಅವರ ನಾಲ್ಕು ವರ್ಷದ ಮಗಳು. ಕಾಯಿಲೆ ಎಂದರೆ ಯಾರಾದರೂ ಬಿಡುತ್ತಾರೆ. ನಾನು ಬಿಡಲಿಲ್ಲ.

“ನಿಯಮ ಹೇಳಿಕೊಟ್ಟೋರು ನೀವೇ ಅಲ್ವಾ ಡೀಕನರೇ? ನಮಗೊಂದು, ನಿಮಗೊಂದಾ? ಕೂತ್ಕೊಳ್ಳಿ.”

ನನ್ನ ಎರಡರಷ್ಟು ಆಳು, ತಳ್ಳಿ ಹೋಗಬಹುದಿತ್ತು. ಹೋಗಲಿಲ್ಲ. ಎಲ್ಲರಿಗೂ ಕೂರಲು ಹೇಳಿದ್ದ ಮನುಷ್ಯ ರಸ್ತೆ ಬದಿಯಲ್ಲಿ ತಾವೂ ಕೂತು ಕೈಮುಗಿದರು. ಹತ್ತು ನಿಮಿಷ. ಅವರ ಕಣ್ಣು ನರ್ಸಮ್ಮನ ಮನೆಯ ದಾರಿಯಲ್ಲೇ ಇತ್ತು. ನೋಡಿ ನನಗೆ ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ನರ್ಸಮ್ಮ ಬರುವಷ್ಟರಲ್ಲಿ ಮಗು ಹೋಗಿತ್ತು. “ಸ್ವಲ್ಪ ಮುಂಚೆ ಕರೆದಿದ್ರೆ...” ಎಂದರಂತೆ.

ಎಸೆಕಿಯಾ ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ನನ್ನ ಮದುವೆಗೆ ಹಂದಿ ಸುಟ್ಟವರು ಅವರೇ, ನನ್ನ ಮಕ್ಕಳಿಗೆ ಅಕ್ಷರ ಕಲಿಸಿದವರೂ ಅವರೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಮ್ಮೆ ಮೀನಿಗೆ ಹೋದಾಗ ಧೈರ್ಯ ಮಾಡಿದೆ.

“ಡೀಕನರೇ, ಆ ಸಂಜೆ...”

“ಬಲೆ ಎಳಿ ಮೊದಲು. ಮೀನು ತಪ್ಪಿಸ್ಕೊಳ್ಳುತ್ತೆ.”

ಬಲೆ ಎಳೆದೆ. ಮಾತು ತಪ್ಪಿತಲ್ಲ ಎಂದು ಒಳಗೊಳಗೇ ನೆಮ್ಮದಿಪಟ್ಟ ಹೇಡಿ ನಾನು.

ಮಣ್ಣಾದ ಮರುದಿನ ಬೆಳಗ್ಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನು ಕೇದಗೆಯ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು, ನೊಂದವರ ಮನೆ ಮುಂದೆ ಕೂರುವುದು ನಮ್ಮ ಪದ್ಧತಿ. ಅವರು ಬಂದು ಎತ್ತಿದರೆ ಕ್ಷಮಿಸಿದಂತೆ. ನಮ್ಮಲ್ಲಿ ಸತ್ತವರನ್ನು ಮನೆಯಂಗಳದಲ್ಲೇ ಹೂಳುತ್ತಾರೆ; ಅವರ ಅಂಗಳದ ಹಸಿ ಮಣ್ಣಿನ ಸಮಾಧಿಯ ಪಕ್ಕದಲ್ಲೇ ಕೂತೆ. ಎಸೆಕಿಯಾರ ಹೆಂಡತಿ ಪೆರೆಸೀಲಾ ಹೊರಗೆ ಬಂದರು.

“ಯಾರದು? ಸೆಟೆಫಾನೋನಾ? ಬೆಳಬೆಳಗ್ಗೆ ಏನೋ ಇದು?”

ಚಾಪೆಯೊಳಗಿನಿಂದಲೇ ಎಲ್ಲ ಹೇಳಿದೆ. ಆಮೇಲೆ ಚಾಪೆ ಎತ್ತಿದರು. ಅವರ ಮುಖದಲ್ಲಿ ನನ್ನ ಮೇಲೆ ಸಿಟ್ಟೇ ಇರಲಿಲ್ಲ.

“ಯಾಕೆ ತಡ ಅಂತ ಕೇಳಿದ್ರೆ ಅವರು ಬಾಯಿ ಬಿಡ್ತಿರಲಿಲ್ಲ ಕಣೋ. ದಾರೀಲಿ ಇನ್ಯಾರದೋ ಸೇವೆಗೆ ನಿಂತಿರ್ತೀರಿ, ಸ್ವಂತ ಮಗೂನ ಕೊಂದ್ರಿ ಅಂತ ಬೈದೆ. ನಲವತ್ತೊಂದು ವರ್ಷ ಬೈದೆ. ಸಾಯೋ ವಾರದಲ್ಲೂ ಬಿಡಲಿಲ್ಲ. ಒಂದು ಸಲಾನೂ ಇಲ್ಲ ಅನ್ನಲಿಲ್ಲ.”

ನನ್ನನ್ನು ಉಳಿಸಲು ಅವರು ತಮ್ಮ ಸಂಸಾರದ ಸುಖವನ್ನೇ ಕೊಟ್ಟಿದ್ದರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೂ ತಪ್ಪು, ಈಗ ತೆರೆದದ್ದೂ ತಪ್ಪು ಎನಿಸಿ ನೆಲ ನೋಡುತ್ತ ಕೂತೆ.

ಪೆರೆಸೀಲಾ ಚಾಪೆಯನ್ನು ನನಗೆ ವಾಪಸು ಕೊಡಲಿಲ್ಲ. ತಮ್ಮ ತಲೆಯ ಮೇಲೆ ಹೊದ್ದುಕೊಂಡು ಗಂಡನ ಸಮಾಧಿಯ ಕಡೆ ತಿರುಗಿ ಕೂತುಬಿಟ್ಟರು. ಎತ್ತೋಣವೆಂದು ಕೈ ಚಾಚಿದೆ. ಆದರೆ ಅದನ್ನು ಎತ್ತುವ ಹಕ್ಕು ನನಗಿರಲಿಲ್ಲ.